ಕ್ಯಾಂಪಿನ ಹುಡುಗ, ಗುಳೆಯ ಹುಡುಗಿ: ಹೊಸ ಊರಿಗೆ ಮಕ್ಕಳು ಒಗ್ಗುವುದು ಹೇಗೆ?

ಗಂಗಾವತಿಯಿಂದ ಸಿಂಧನೂರಿಗೆ ಬಸ್ ಹತ್ತಿದರೆ ಕಂಡಕ್ಟರ್ ಬಾಯಲ್ಲಿ ಮತ್ತೆ ಮತ್ತೆ ‘ಕ್ಯಾಂಪ್’ ಅನ್ನೋ ಮಾತು ಬರುತ್ತದೆ. ಹೊರಗಿನವರಿಗೆ ಮಿಲಿಟರಿ ಕ್ಯಾಂಪ್ ಇರಬೇಕು ಅನ್ನಿಸಬಹುದು. ಇಲ್ಲಿ ಕ್ಯಾಂಪ್ ಅಂದರೆ ಊರು, ಹೊರಗಿನಿಂದ ಬಂದವರು ಕಟ್ಟಿಕೊಂಡ ಊರು. 1950ರ ದಶಕದಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳ ರೈತರು ಬಂದರು. ಎರೆ ಜಮೀನು ಕೊಂಡರು, ಭತ್ತ ಹಚ್ಚಿದರು, ಗದ್ದೆ ಪಕ್ಕದಲ್ಲೇ ಮನೆ ಕಟ್ಟಿದರು. ಆ ಮನೆಗಳ ಗುಂಪಿಗೆ ಕ್ಯಾಂಪ್ ಅನ್ನೋ ಹೆಸರು ಅಂಟಿತು. ಈಗ ಮೂರನೇ ತಲೆಮಾರು ನಡೆದಿದೆ, ಹೆಸರು ಮಾತ್ರ ಹಾಗೇ ಇದೆ.

ಸಿಂಧನೂರು ತಾಲ್ಲೂಕಿನಲ್ಲಿ ಇನ್ನೊಂದು ಥರದ ಕ್ಯಾಂಪುಗಳಿವೆ. ಅವಕ್ಕೆ ಹೆಸರಿಗಿಂತ ನಂಬರೇ ಮುಖ್ಯ. ಆರ್.ಎಚ್. (ಅಂದರೆ ಪುನರ್ವಸತಿ) ಕ್ಯಾಂಪ್ ಒಂದು, ಎರಡು, ಮೂರು ಹೀಗೆ. ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶ ಬಿಟ್ಟು ಬಂದ ಬಂಗಾಳಿ ಹಿಂದೂ ಕುಟುಂಬಗಳನ್ನು ಸರ್ಕಾರ ಇಲ್ಲಿಗೆ ತಂದು ಜಮೀನು ಕೊಟ್ಟು ನೆಲೆ ನಿಲ್ಲಿಸಿತು. ಬರ್ಮಾದಿಂದ ವಾಪಸ್ ಬಂದ ಕುಟುಂಬಗಳಿಗೂ ಜಾಗ ಕೊಟ್ಟಿತು. ಜೋಳದ ಸೀಮೆಯ ನಡುವೆ ದುರ್ಗಾ ಪೂಜೆಯ ಪೆಂಡಾಲು ಎದ್ದಿತು.

ಈ ಕಡೆಯ ಮಕ್ಕಳನ್ನು ವಲಸೆಯ ಕಣ್ಣಿನಿಂದ ನೋಡಿದರೆ ಮೂರು ಬಗೆ ಕಾಣುತ್ತವೆ. ಮೊದಲನೆಯದು ನಿರಾಶ್ರಿತರಾಗಿ ಬಂದವರ ಮಕ್ಕಳು. ಎರಡನೆಯದು ಕೆಲಸ ಹುಡುಕಿ ಬಂದವರ ಮಕ್ಕಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕೊಪ್ಪಳದ ಗಿಣಿಗೇರಾ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳು, ರೈಸ್ ಮಿಲ್ಲುಗಳಿಗೆ ಒಡಿಶಾ, ಬಿಹಾರ, ಉತ್ತರ ಪ್ರದೇಶದಿಂದ ಬಂದವರು ಇವರು. ಮೂರನೆಯದು ಇಲ್ಲಿಂದಲೇ ಗುಳೆ, ಅಂದರೆ ಕೆಲವು ತಿಂಗಳ ಮಟ್ಟಿಗೆ ಊರು ಬಿಟ್ಟು ಕೂಲಿಗೆ, ಹೋಗುವವರ ಮಕ್ಕಳು. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋಗಿ ಬರುವವರು.

ತೆಲುಗು ರೈತರ ಮಕ್ಕಳನ್ನು ಯಾಕೆ ಸೇರಿಸಲಿಲ್ಲ ಅಂತ ಕೇಳಬಹುದು. ಅವರೂ ಹೊರಗಿನಿಂದಲೇ ಬಂದವರು, ಮನೆಯಲ್ಲಿ ಬೇರೆ ಭಾಷೆ ಮಾತಾಡುವವರು. ಆದರೆ ದುಡ್ಡು ಹಿಡಿದು ಬಂದವರ ಮಕ್ಕಳನ್ನು ಯಾರೂ ವಲಸಿಗರ ಮಕ್ಕಳು ಅನ್ನುವುದಿಲ್ಲ, ಅಲ್ವಾ?

ಇಲ್ಲಿಯ ಹಿರಿಯರಿಗೆ ಇದೆಲ್ಲ ಹೊಸದೇನಲ್ಲ. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ ತನಕ ನಿಜಾಮನ ಆಳ್ವಿಕೆಯಲ್ಲಿದ್ದವು. ರಜಾಕಾರರ ಹಾವಳಿ ಜಾಸ್ತಿಯಾದಾಗ ಇಲ್ಲಿನ ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಬಂಡಿ ಕಟ್ಟಿ ಗಡಿ ದಾಟಿದವು. ಕೆಲವರು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಗದಗ, ಮುಂಡರಗಿ ಕಡೆ ಹೋದರು. ಕೆಲವರು ಹೊಳೆ ದಾಟಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಕಡೆ ಹೋದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದ ಶಿಬಿರವೇ ಇತ್ತು. ‘ನಿರಾಶ್ರಿತ’ ಅನ್ನೋ ಮಾತು ಕೇಳಿದ ಕೂಡಲೇ ಯಾವುದೋ ದೂರದ ದೇಶ ನೆನಪಾಗುವವರು ಮನೆಯ ಅಜ್ಜ-ಅಜ್ಜಿಯನ್ನು ಒಂದು ಸಲ ಕೇಳಿ ನೋಡಬೇಕು.

ಶಾಲೆಯ ಮಾತಿಗೆ ಬಂದರೂ ಅಷ್ಟೇ. ಹೈದರಾಬಾದ್ ಸಂಸ್ಥಾನದಲ್ಲಿ ಮೇಲಿನ ಓದು ಉರ್ದುವಿನಲ್ಲಿತ್ತು. ಮನೆಯಲ್ಲಿ ಕನ್ನಡ ಆಡುವ ಹುಡುಗ ಉರ್ದುವಿನಲ್ಲಿ ಗಣಿತ ಕಲಿಯಬೇಕಿತ್ತು. ಮೇಷ್ಟ್ರ ಭಾಷೆ ಗೊತ್ತಿಲ್ಲದೆ ಕ್ಲಾಸಿನಲ್ಲಿ ಕೂರುವುದು ಹೇಗಿರುತ್ತದೆ ಅನ್ನುವುದು ಈ ನೆಲಕ್ಕೆ ಚೆನ್ನಾಗಿ ಗೊತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಂಗಾಳಿ ಕ್ಯಾಂಪಿನ ಹುಡುಗನೊಬ್ಬ ನಮ್ಮ ಶಾಲೆಗೆ ಸೇರಿದ. ಕ್ಯಾಂಪಿನಲ್ಲೇ ಹುಟ್ಟಿದವನಲ್ಲ. ಅವನ ಅಪ್ಪ-ಅಮ್ಮ ನೆಂಟರ ಮನೆಗೆ ಅಂತ ಆಮೇಲೆ ಬಂದವರು. ಜೂನ್‌ನಿಂದ ದಸರಾ ತನಕ ಅವನು ಒಂದು ಮಾತೂ ಆಡಲಿಲ್ಲ. ‘ಯಾಕಲೇ ಸುಮ್ಮ ಕುಂತಿ?’ ಅಂತ ಮೇಷ್ಟ್ರು ದಿನಾ ಕೇಳುತ್ತಿದ್ದರು. ಅವನು ಮೂಗ ಅಂತಲೇ ನಾವು ತಿಳಿದಿದ್ದೆವು. ದಸರಾ ರಜೆ ಮುಗಿದ ಮೇಲೆ ಒಂದು ದಿನ ಕಬಡ್ಡಿ ಆಡುವಾಗ ಗೆರೆ ಪಕ್ಕ ನಿಂತಿದ್ದವನು ಒಮ್ಮೆಲೇ ಕೂಗಿದ: ‘ಸರ್, ಅಂವ ಔಟ್ ಆಗ್ಯಾನ್ರೀ!’ ನಮ್ಮದೇ ರಾಗ, ನಮ್ಮದೇ ಧಾಟಿ. ಆಟ ಅಲ್ಲಿಗೇ ನಿಂತಿತು. ಔಟಾಗಿದ್ದವನು ನಾನೇ, ಆ ಮಾತು ಬೇರೆ.

ಭಾಷೆ ಕಲಿಕೆ ಬಗ್ಗೆ ಕೆಲಸ ಮಾಡುವವರು ಇದನ್ನು ಮೌನದ ಅವಧಿ ಅನ್ನುತ್ತಾರೆ. ಹೊಸ ಭಾಷೆಯ ನಡುವೆ ಬಿದ್ದ ಎಷ್ಟೋ ಮಕ್ಕಳು ಕೆಲವು ವಾರ, ಕೆಲವು ಸಲ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಆಗ ಕಿವಿ ಕೆಲಸ ಮಾಡುತ್ತಿರುತ್ತದೆ. ‘ದಡ್ಡ’ ಅಂತ ಹಣೆಪಟ್ಟಿ ಹಚ್ಚುವುದೂ ಆಗಲೇ. ಬಾಯಿ ಬಿಡಿಸಲೇಬೇಕು ಅಂತ ಎಲ್ಲರ ಮುಂದೆ ನಿಲ್ಲಿಸಿ ಓದಿಸಿದರೆ ಮೌನ ಇನ್ನೂ ಉದ್ದವಾಗುತ್ತದೆ. ಮಾತು ಕೇಳದೆ ಕೆಲಸ ಕೊಟ್ಟರೆ ಒಳ್ಳೆಯದು. ಪುಸ್ತಕ ಹಂಚುವುದು, ಬಿಸಿಯೂಟದ ತಟ್ಟೆ ಎಣಿಸುವುದು, ಬೋರ್ಡ್ ಒರೆಸುವುದು, ಹೀಗೆ. ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ಈ ಭಾಗದ ಜಿಲ್ಲೆಗಳಲ್ಲಿ. ಹೊಸ ಮಗು ಮೊದಲು ಕಲಿಯುವ ಹತ್ತು ಕನ್ನಡ ಮಾತುಗಳಲ್ಲಿ ಐದಾದರೂ ಊಟದ ಸಾಲಿನಲ್ಲೇ ಸಿಗುತ್ತವೆ ಅಂತ ನನ್ನ ಅಂದಾಜು.

ಆ ಹುಡುಗ ಮಾತಾಡಿದ ಮೇಲೆ ಅವನಿಗೆ ಕನ್ನಡ ಬಂತು ಅಂತ ಎಲ್ಲರೂ ನಿಶ್ಚಿಂತರಾದೆವು. ಎರಡು ವರ್ಷದ ನಂತರ ಅವನು ವಿಜ್ಞಾನದಲ್ಲಿ ಫೇಲಾದ. ‘ಮಾತಿಗೇನೂ ಕಮ್ಮಿ ಇಲ್ಲ, ಓದೋದಷ್ಟೇ ಬೇಡ’ ಅಂತ ಬೈಸಿಕೊಂಡ. ಈ ಬೈಗುಳ ತಪ್ಪು ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಕೆನಡಾದ ಜಿಮ್ ಕಮಿನ್ಸ್ ಅನ್ನುವ ಶಿಕ್ಷಣ ತಜ್ಞ 1970ರ ದಶಕದ ಕೊನೆಯಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ವಲಸೆ ಬಂದ ಮಗುವಿಗೆ ಆಟದ ಭಾಷೆ ಸುಮಾರು 2 ವರ್ಷದಲ್ಲಿ ಬರುತ್ತದೆ. ಪುಸ್ತಕದ ಭಾಷೆ ಬರಲು 5ರಿಂದ 7 ವರ್ಷ ಬೇಕು. ಇವೆರಡೂ ಬೇರೆ ಬೇರೆ. ‘ಔಟ್ ಆಗ್ಯಾನ್ರೀ’ ಅನ್ನಲು ಬಂದವನಿಗೆ ‘ದ್ಯುತಿಸಂಶ್ಲೇಷಣೆ’ ಬರಬೇಕು ಅಂತೇನಿಲ್ಲ. ಇನ್ನು ನಮ್ಮ ಕಡೆ ಇದಕ್ಕೊಂದು ತಿರುವೂ ಇದೆ. ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಗುವಿಗೂ ಪಠ್ಯಪುಸ್ತಕದ ಕನ್ನಡ ಅರ್ಧ ಪರಭಾಷೆಯೇ. ಹೊರಗಿನಿಂದ ಬಂದ ಮಗುವಿಗಾಗಿ ಮೇಷ್ಟ್ರು ಪಾಠವನ್ನು ಬಿಡಿಸಿ, ಚಿತ್ರ ಬರೆದು, ಸರಳ ಮಾತಲ್ಲಿ ಹೇಳಿದರೆ ಪಕ್ಕದ ಹತ್ತು ಮಕ್ಕಳಿಗೂ ಅದು ದಾಟುತ್ತದೆ.

ಮನೆಯಲ್ಲೂ ಕನ್ನಡವೇ ಮಾತಾಡಿ ಅಂತ ತಂದೆ-ತಾಯಿಗೆ ಬುದ್ಧಿ ಹೇಳುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕನ್ನಡ ಸರಿಯಾಗಿ ಬಾರದ ಒಡಿಯಾ ತಾಯಿ ತನ್ನ ಮಗುವಿನ ಜೊತೆ ಹರಕು ಕನ್ನಡ ಆಡಿದರೆ ಮಗುವಿಗೆ ಎರಡೂ ಗಟ್ಟಿಯಾಗುವುದಿಲ್ಲ. ತಾಯಿ ಭಾಷೆಯಲ್ಲಿ ಕತೆ, ಲೆಕ್ಕ, ಜಗಳ ಎಲ್ಲ ಗಟ್ಟಿ ಇದ್ದ ಮಗು ಎರಡನೇ ಭಾಷೆಯನ್ನೂ ಬೇಗ ಹಿಡಿಯುತ್ತದೆ. ಕರ್ನಾಟಕದಲ್ಲಿ ಕನ್ನಡ, ಇಂಗ್ಲಿಷ್, ಉರ್ದು, ಹಿಂದಿ, ಮರಾಠಿ, ತೆಲುಗು, ತಮಿಳು ಹೀಗೆ ಏಳು ಮಾಧ್ಯಮದಲ್ಲಿ ಪಠ್ಯಪುಸ್ತಕ ಇವೆ. ಬಂಗಾಳಿಗೆ, ಒಡಿಯಾಕ್ಕೆ ಇಲ್ಲ. ಅವಕ್ಕೂ ಪುಸ್ತಕ ಮಾಡಿ ಅಂತ ನಾನು ಕೇಳುತ್ತಿಲ್ಲ. ಎರಡು ಕ್ಲಾಸು ಮುಂದಿರುವ ಅದೇ ಭಾಷೆಯ ಹುಡುಗಿಯನ್ನು ಮೊದಲ ತಿಂಗಳು ಪಕ್ಕ ಕೂರಿಸಿದರೆ ಸಾಕು. ತೋರಣಗಲ್ಲು ಸುತ್ತಲಿನ ಶಾಲೆಗಳಲ್ಲಿ ಅಂಥವಳು ಸಿಗದೇ ಇರುವುದಿಲ್ಲ.

ಟಿಬೆಟಿನ ಮಕ್ಕಳಿಗೆ ಬೇರೆ ದಾರಿ ಹಿಡಿದಿದ್ದೆವು. 1960ರ ಆಚೀಚೆ ಬೈಲಕುಪ್ಪೆಗೆ, 1966ರಲ್ಲಿ ಮುಂಡಗೋಡಕ್ಕೆ ಬಂದವರ ಮಕ್ಕಳಿಗೆ ಅವರದೇ ಶಾಲೆಗಳಾದವು. ಅವರ ಭಾಷೆ ಉಳಿಯಿತು. ಮುಂದೊಂದು ದಿನ ತಮ್ಮ ದೇಶಕ್ಕೆ ವಾಪಸ್ ಹೋಗುವವರು ಅನ್ನುವ ಲೆಕ್ಕ ಅಲ್ಲಿತ್ತು. ಸಿಂಧನೂರಿನ ಬಂಗಾಳಿ ಮಕ್ಕಳು ವಾಪಸ್ ಹೋಗುವವರಲ್ಲ ಅನ್ನುವುದು ಮೊದಲೇ ಗೊತ್ತಿತ್ತು. ಅವರು ಕನ್ನಡ ಶಾಲೆಗೇ ಬಂದರು. ಈಗ ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಸಲೀಸಾಗಿ ಆಡುತ್ತಾರೆ. ಭಾಷೆಯ ಮಟ್ಟಿಗೆ ನಮ್ಮ ಈ ಪ್ರಯೋಗ ಗೆದ್ದಿದೆ ಅಂತಲೇ ನನ್ನ ಲೆಕ್ಕ.

ಸೋತದ್ದು ಕಾಗದದಲ್ಲಿ.

ಮೊದಲ ಎಡವಟ್ಟು ದಾಖಲಾತಿ ದಿನವೇ ಆಗುತ್ತದೆ. ನಾವು ‘ವ’ ಅನ್ನುವ ಕಡೆ ಬಂಗಾಳಿಯವರು, ಒಡಿಯಾದವರು ‘ಬ’ ಅನ್ನುತ್ತಾರೆ. ಹುಡುಗ ಹೆಸರು ಹೇಳಿದ್ದು ಬಿಕಾಶ್ ಬಿಸ್ವಾಸ್ ಅಂತ. ಮೇಷ್ಟ್ರು ಅದನ್ನು ತಿದ್ದಿ ವಿಕಾಸ ವಿಶ್ವಾಸ ಅಂತ ಬರೆದುಕೊಂಡರು. ಅವರ ಕಿವಿಗೆ ಅದೇ ಸರಿ. ಆಧಾರ್‌ನಲ್ಲಿ ಒಂದು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು. ಅದೇ ಹೆಸರು ಟಿ.ಸಿ.ಗೆ ಹೋಗುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗುತ್ತದೆ. ಆಮೇಲೆ ಸ್ಕಾಲರ್‌ಶಿಪ್‌ಗೆ, ಬ್ಯಾಂಕಿಗೆ, ಪಾಸ್‌ಪೋರ್ಟಿಗೆ ಅಂತ ಅಲೆದಾಟ. ಒಂದು ಅಕ್ಷರಕ್ಕೆ ಅಫಿಡವಿಟ್ಟು. ಸೇರಿಸಿಕೊಳ್ಳುವ ದಿನ ತಂದೆಯ ದಾಖಲೆ ನೋಡಿ, ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು, ಮನೆಯವರಿಗೆ ಒಮ್ಮೆ ಓದಿ ಹೇಳಿದರೆ ಮುಗಿಯುವ ಕೆಲಸ ಇದು. ಐದು ನಿಮಿಷದ್ದು.

ಎರಡನೆಯದು ಪೌರತ್ವ. ನಮ್ಮ ಕಾನೂನಿನ ಪ್ರಕಾರ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ಇಲ್ಲಿನ ಪೌರರು. ಅಪ್ಪ-ಅಮ್ಮ ಎಲ್ಲಿಯವರು ಅನ್ನೋ ಪ್ರಶ್ನೆ ಇಲ್ಲ. ಅಲ್ಲಿಂದ 2004ರ ಡಿಸೆಂಬರ್ 3ಕ್ಕಿಂತ ಮೊದಲು ಹುಟ್ಟಿದ್ದರೆ ತಂದೆ-ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆಮೇಲೆ ಹುಟ್ಟಿದ್ದರೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇದನ್ನು ಒಂದು ಮನೆಗೆ ಹಚ್ಚಿ ನೋಡಿ. ಕಾಗದ ಇಲ್ಲದೆ ಬಂದ ದಂಪತಿಗೆ ಕ್ಯಾಂಪಿನಲ್ಲಿ 1986ರಲ್ಲಿ ಹುಟ್ಟಿದ ಅಣ್ಣ ಭಾರತೀಯ. ಅದೇ ಮನೆಯಲ್ಲಿ, ಅದೇ ಸೂಲಗಿತ್ತಿಯ ಕೈಯಲ್ಲಿ 1988ರಲ್ಲಿ ಹುಟ್ಟಿದ ತಮ್ಮ ಅಲ್ಲ. ಸರ್ಕಾರವೇ ಕರೆತಂದು ಜಮೀನು ಕೊಟ್ಟವರಿಗೆ ಕಾಗದ ಇತ್ತು. ಆಮೇಲೆ ಬಂದ ನೆಂಟರಿಗೆ ಇರಲಿಲ್ಲ. ಅವರ ಮಕ್ಕಳು ಕನ್ನಡದಲ್ಲಿ ಪಾಸಾದರು, ಕಾಗದದಲ್ಲಿ ಆಗಲಿಲ್ಲ.

2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚಿನಲ್ಲಿ ಬಂದವು. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರ ಕೈಗೆ ಪೌರತ್ವ ಪತ್ರ ಬಂತು. ಮುಸ್ಲಿಮರನ್ನು ಹೊರಗಿಟ್ಟ ಕಾಯ್ದೆ ಇದು ಅನ್ನುವ ದೊಡ್ಡ ತಕರಾರು ಇದೆ, ಆ ತಕರಾರಿನಲ್ಲಿ ಹುರುಳೂ ಇದೆ. ಆದರೆ ಕಾಗದಕ್ಕಾಗಿ ದಶಕಗಟ್ಟಲೆ ಕಾದವರ ಕಷ್ಟ ಅದರಿಂದ ಸುಳ್ಳಾಗುವುದಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಬೇರೆ ಕಾಯ್ದೆಯೂ ಇಲ್ಲ. ಹಾಗಾಗಿ ಒಂದೊಂದು ಗುಂಪಿಗೆ ಒಂದೊಂದು ನ್ಯಾಯ ಆಗಿಬಿಟ್ಟಿದೆ.

ಜಾತಿ ಪ್ರಮಾಣಪತ್ರದ್ದು ಇನ್ನೊಂದು ಗಂಟು. ಪರಿಶಿಷ್ಟ ಜಾತಿ ಪಟ್ಟಿ ಆಯಾ ರಾಜ್ಯಕ್ಕೆ ಬೇರೆ. ಬಂಗಾಳಿ ದಲಿತರಾದ ನಾಮಶೂದ್ರರು ಪಶ್ಚಿಮ ಬಂಗಾಳದ ಪಟ್ಟಿಯಲ್ಲಿದ್ದಾರೆ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಒಂದೇ ಜಾತಿಯ ಮಗುವಿಗೆ ಅಲ್ಲಿ ಸಿಗುವ ಸ್ಕಾಲರ್‌ಶಿಪ್, ಸೀಟು ಇಲ್ಲಿ ಇಲ್ಲ. ಹತ್ತನೇ ಕ್ಲಾಸಿನ ತನಕ ಈ ವ್ಯತ್ಯಾಸ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಪಿಯುಸಿ ಅರ್ಜಿ ತುಂಬುವಾಗ ಒಮ್ಮೆಲೇ ಎದುರಾಗುತ್ತದೆ.

ಒಂದು ಸಮಾಧಾನ ಇದೆ. ಶಾಲೆಯ ಬಾಗಿಲು ಮಾತ್ರ ಈ ಕಾಗದಗಳಿಗೆ ಕಾಯಬೇಕಿಲ್ಲ. ಸಂವಿಧಾನದ 21ಎ ವಿಧಿಯಾಗಲಿ, 2009ರ ಶಿಕ್ಷಣ ಹಕ್ಕು ಕಾಯ್ದೆಯಾಗಲಿ 6ರಿಂದ 14 ವರ್ಷದ ಮಕ್ಕಳು ಅನ್ನುತ್ತವೆಯೇ ಹೊರತು ಪೌರರು ಅನ್ನುವುದಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಟಿ.ಸಿ. ತಡವಾಯಿತು ಅಂತ ಸೇರಿಸಿಕೊಳ್ಳುವುದನ್ನು ತಡ ಮಾಡುವಂತಿಲ್ಲ. ಟಿ.ಸಿ. ಕೊಡುವ ಹೆಡ್ ಮೇಷ್ಟ್ರು ಅದನ್ನು ಕೂಡಲೇ ಕೊಡಬೇಕು. ಹತ್ತು ವರ್ಷದ ಮಗುವನ್ನು ಒಂದನೇ ಕ್ಲಾಸಿನಲ್ಲಿ ಕೂರಿಸುವಂತಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು.

ಆ ತರಬೇತಿ ಯಾವಾಗ ಸಿಗುತ್ತದೆ ಅನ್ನುವುದರಲ್ಲೇ ತೊಡಕಿದೆ. ನಮ್ಮ ಶಾಲೆಗಳಲ್ಲಿ ಹಿಂದುಳಿದದ್ದನ್ನು ತುಂಬಿಕೊಡಲು ಸೇತುಬಂಧ ಅಂತ ಇದೆ. ಅದು ವರ್ಷದ ಶುರುವಿನಲ್ಲಿ, ಶಾಲೆ ತೆರೆದ ಹೊಸದರಲ್ಲಿ ನಡೆಯುತ್ತದೆ. ಗಿಣಿಗೇರಾದ ಗುತ್ತಿಗೆದಾರ ಕೆಲಸಗಾರರನ್ನು ನವೆಂಬರಿನಲ್ಲಿ ಕರೆಸಿದರೆ ಅವರ ಮಗು ಬರುವುದು ನವೆಂಬರಿನಲ್ಲಿ. ಅಷ್ಟೊತ್ತಿಗೆ ಸೇತುವೆ ಕಟ್ಟಿ, ದಾಟಿ, ಬಿಚ್ಚಿ ಆಗಿರುತ್ತದೆ.

ಒಂದರಿಂದ ಮೂರನೇ ಕ್ಲಾಸಿನ ತನಕ ಈ ತೊಂದರೆ ಕಮ್ಮಿ. ಅಲ್ಲಿ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗು ತನ್ನ ಮೆಟ್ಟಿಲಿನಲ್ಲಿ ತಾನಿರುತ್ತದೆ. ಗುಂಪುಗಳಿಗೆ ತಟ್ಟೆ ಅಂತಾರೆ. ಹೊಸದಾಗಿ ಕಲಿಯುವವರು ಮೇಷ್ಟ್ರ ಪಕ್ಕದ ತಟ್ಟೆಯಲ್ಲಿ, ಸ್ವಲ್ಪ ಕಲಿತವರು ಗೆಳೆಯರ ನೆರವಿನ ತಟ್ಟೆಯಲ್ಲಿ. ಮೂರು ತಿಂಗಳು ಊರು ಬಿಟ್ಟು ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ವಲಸೆ ಮಕ್ಕಳಿಗಾಗಿ ಮಾಡಿದ್ದಲ್ಲ, ಆದರೆ ಅವರಿಗೆ ಇದಕ್ಕಿಂತ ಒಳ್ಳೆಯದು ನಮ್ಮಲ್ಲಿ ಇನ್ನೊಂದಿಲ್ಲ. ನಾಲ್ಕನೇ ಕ್ಲಾಸಿಗೆ ಏಣಿ ಮುಗಿಯುತ್ತದೆ. ಅಲ್ಲಿಂದ ಎಲ್ಲರಿಗೂ ಒಂದೇ ಪಾಠ, ಒಂದೇ ದಿನ. ಗುಳೆ ಮಕ್ಕಳು ಕೈ ತಪ್ಪಲು ಶುರುವಾಗುವುದು ಇಲ್ಲಿಂದಲೇ ಅಂತ ನನಗೆ ಅನ್ನಿಸುತ್ತದೆ.

ಗುಳೆಯ ಕತೆ ಬಹಳ ವಿಚಿತ್ರ. ಬೆಂಗಳೂರಿಗೆ ಹೋದ ದೇವದುರ್ಗದ ಹುಡುಗಿಗೆ ಭಾಷೆಯ ತೊಂದರೆಯೇ ಇಲ್ಲ. ಅಲ್ಲೂ ಕನ್ನಡವೇ. ಅವಳು ‘ಸಾಲಿಗೆ ಹೊಂಟೀನ್ರಿ’ ಅಂದರೆ ಕ್ಲಾಸಿನಲ್ಲಿ ನಗುತ್ತಾರೆ, ಅದು ಎರಡು ದಿನದ ಮಾತು. ಇಷ್ಟಿದ್ದೂ ಅವಳು ಒಗ್ಗುವುದಿಲ್ಲ. ಭಾಷೆಯೇ ಬಾರದೆ ಬಂದ ಬಂಗಾಳಿ ಹುಡುಗ ಸಿಂಧನೂರಿನವನೇ ಆಗಿಬಿಟ್ಟ. ಯಾಕೆ? ಅವನಿಗೆ ಹೊಲ ಇತ್ತು, ಮನೆ ಇತ್ತು, ಹತ್ತಿರದಲ್ಲಿ ಶಾಲೆ ಇತ್ತು, ನಾಳೆಯೂ ಅದೇ ಬೆಂಚಿನಲ್ಲಿ ಕೂರುತ್ತೇನೆ ಅನ್ನೋದು ಗೊತ್ತಿತ್ತು. ಇವಳಿಗೆ ದೀಪಾವಳಿಯಿಂದ ಯುಗಾದಿ ತನಕ ಒಂದು ತಗಡಿನ ಶೆಡ್ಡು, ಮಿಕ್ಕ ದಿನ ಊರು. ಯಾವ ಬೆಂಚೂ ಪೂರ್ತಿ ಅವಳದಲ್ಲ. ಬೆಂಗಳೂರಿನಲ್ಲಿ ಟೆಂಟ್ ಶಾಲೆಗಳು ಇವೆ. ಕಟ್ಟಡ ಮುಗಿದ ಕೂಡಲೇ ಶೆಡ್ಡು ಇನ್ನೊಂದು ಕಡೆ ಹೋಗುತ್ತದೆ, ಶಾಲೆ ಹಿಂದೆ ಉಳಿಯುತ್ತದೆ.

ಇದಕ್ಕೆ ಊರಲ್ಲೇ ಹಂಗಾಮಿ ಹಾಸ್ಟೆಲ್ ಅನ್ನೋ ಯೋಜನೆ ಇದೆ. ಸಮಗ್ರ ಶಿಕ್ಷಣದ ದುಡ್ಡಿನಲ್ಲಿ ನಡೆಯುವಂಥದ್ದು. ಅಪ್ಪ-ಅಮ್ಮ ಗುಳೆ ಹೋದಾಗ ಮಗು ಊರಲ್ಲೇ ಇದ್ದು ಓದಲಿ ಅಂತ. ಒಳ್ಳೆಯ ಯೋಚನೆ. ಆದರೆ ಗುಳೆಯ ಲೆಕ್ಕಾಚಾರ ಬೇರೆ. ಮೇಸ್ತ್ರಿ ಮುಂಗಡ ಕೊಡುವುದು ಗಂಡ-ಹೆಂಡತಿ ಜೋಡಿಗೆ. ಹೆಂಡತಿಯ ಕಂಕುಳಲ್ಲಿ ಕೂಸು. ಅವಳು ಕಾಂಕ್ರೀಟ್ ಬಾಂಡ್ಲಿ ಹೊರುವಾಗ ಕೂಸನ್ನು ನೋಡಿಕೊಳ್ಳುವವರು ಬೇಕು. ಹಾಗಾಗಿ ಎಂಟು-ಹತ್ತು ವರ್ಷದ ದೊಡ್ಡ ಮಗಳು ಜೊತೆಗೆ ಹೊರಡುತ್ತಾಳೆ. ಹಾಸ್ಟೆಲ್ ತೆರೆದಿದ್ದರೂ ಹೊರಡುತ್ತಾಳೆ. ಅವಳನ್ನು ಶಾಲೆಯಲ್ಲಿ ಉಳಿಸಬೇಕು ಅಂದರೆ ಕೂಸಿಗೆ ಅಲ್ಲಿ ಜಾಗ ಬೇಕು. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಶಿಶುಪಾಲನಾ ಕೋಣೆ ಕಡ್ಡಾಯ ಅಂತ ಬರೆದಿತ್ತು. ಯಾವಾಗ? ಒಂದು ಕಡೆ 50ಕ್ಕಿಂತ ಜಾಸ್ತಿ ಹೆಣ್ಣಾಳುಗಳಿದ್ದಾಗ. ನಾಲ್ಕು ಮಹಡಿಯ ಸಣ್ಣ ಕಟ್ಟಡಕ್ಕೆ 50 ಹೆಣ್ಣಾಳು ಎಲ್ಲಿಂದ ಬರಬೇಕಿತ್ತು? ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಶುರು ಮಾಡಿದ ಕೂಸಿನ ಮನೆ ಒಳ್ಳೆಯದೇ, ಆದರೆ ಅದು ಇರುವುದು ಕೂಸು ಬಿಟ್ಟು ಬಂದ ಹಳ್ಳಿಯಲ್ಲಿ. ಗುಳೆ ಮಕ್ಕಳ ಓದಿನ ಬಗ್ಗೆ ಶಿಕ್ಷಣ ಇಲಾಖೆಯನ್ನಷ್ಟೇ ಕೇಳುತ್ತಾ ಕೂರುವುದು ಸುಮ್ನೆ. ಆ ಹುಡುಗಿಯ ಹಾಜರಿ ಕಾರ್ಮಿಕ ಇಲಾಖೆಯ ಕೈಯಲ್ಲೂ ಇದೆ.

ಇತ್ತ ತೋರಣಗಲ್ಲು, ಗಿಣಿಗೇರಾದಲ್ಲೂ ದೊಡ್ಡ ಮಕ್ಕಳ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಮನೆಯಲ್ಲಿ ಮೊದಲು ಕನ್ನಡ ಬರುವುದು ಮಗುವಿಗೆ. ದವಾಖಾನಿಗೆ ಹೋದರೆ ಡಾಕ್ಟರಿಗೂ ಅಮ್ಮನಿಗೂ ನಡುವೆ ಅದೇ ನಿಲ್ಲಬೇಕು. ಬ್ಯಾಂಕಿಗೂ ಅದೇ, ಬಾಡಿಗೆ ಜಗಳಕ್ಕೂ ಅದೇ. ಅಮ್ಮನ ಮುಟ್ಟಿನ ತೊಂದರೆಯನ್ನು ಹತ್ತು ವರ್ಷದ ಮಗ ಕನ್ನಡದಲ್ಲಿ ಹೇಳಬೇಕಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ‘ನಿಮ್ ಹುಡುಗ ಭಾಳ ಶಾಣ್ಯಾ ಅದಾನ್ರೀ’ ಅಂತ ಎಲ್ಲರೂ ಹೊಗಳಿದರು. ಅವನು ನೆಲ ನೋಡುತ್ತಾ ನಿಂತಿದ್ದ. ಆಶಾ ಕಾರ್ಯಕರ್ತೆಗೆ ನಾಲ್ಕು ಮಾತು ಹಿಂದಿ ಬಂದರೂ ಆ ಹುಡುಗ ಶಾಲೆಯಲ್ಲಿ ಇರಬಹುದಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹಿಂದಿ, ಉರ್ದು ಅಷ್ಟೇನೂ ದೂರದ್ದಲ್ಲ.

ಮಸ್ಕಿ ಕಡೆಯ ಹಳ್ಳಿಯೊಂದರ ಮೇಷ್ಟ್ರು ನನಗೆ ಪರಿಚಯ. ದಸರಾ ರಜೆ ಮುಗಿದು ಶಾಲೆ ತೆರೆದ ಮೇಲೆ ಅವರ ಹಾಜರಿ ಪುಸ್ತಕದಲ್ಲಿ ಸಾಲು ಸಾಲಾಗಿ ‘ಗೈ’, ಅಂದರೆ ಗೈರುಹಾಜರಿ, ಬೀಳಲು ಶುರುವಾಗುತ್ತದೆ. ಹೊರಡುವ ಮಕ್ಕಳ ಕೈಗೆ ಅವರು ಒಂದು ಚೀಟಿ ಕೊಡುತ್ತಾರೆ. ಯಾವ ಪಾಠದ ತನಕ ಆಗಿದೆ, ಲೆಕ್ಕದಲ್ಲಿ ಎಲ್ಲಿ ನಿಂತಿದೆ, ಸ್ಯಾಟ್ಸ್ ನಂಬರ್ (ಸರ್ಕಾರಿ ದಾಖಲೆಯಲ್ಲಿ ಮಗುವಿಗಿರುವ ವಿದ್ಯಾರ್ಥಿ ಸಂಖ್ಯೆ) ಎಷ್ಟು ಅಂತ. ಹೋದ ಕಡೆ ಯಾವುದಾದರೂ ಶಾಲೆ ಸಿಕ್ಕರೆ ತೋರಿಸಲಿ ಅಂತ. ಮಗುವಿನ ಹೆಸರಿನ ಪಕ್ಕ ಮೇಸ್ತ್ರಿಯ ಫೋನ್ ನಂಬರ್ ಕೂಡ ಬರೆದಿಟ್ಟುಕೊಳ್ಳುತ್ತಾರೆ, ಪೆನ್ಸಿಲಿನಲ್ಲಿ.

‘ಪೆನ್ಸಿಲ್ಲ್ಯಾಗ ಯಾಕ್ರೀ ಸರ್?’ ಅಂದೆ.

‘ಮುಂದಿನ ವರ್ಷ ಮೇಸ್ತ್ರಿ ಬ್ಯಾರೆ ಇರ್ತಾನಪಾ’ ಅಂದರು.